ಮೈಕ್ರೋನೀಡ್ಲಿಂಗ್: ಎಷ್ಟು ಆಳ, ಎಷ್ಟು ದಿನದ ಅಂತರ, ಎಲ್ಲಿ ಕೈ ನಿಲ್ಲಿಸಬೇಕು

ಸಣ್ಣ ಸೂಜಿಗಳಿಂದ ಚರ್ಮವನ್ನು ಚುಚ್ಚಿ ಅದು ತಾನೇ ದುರಸ್ತಿಯಾಗುವಂತೆ ಮಾಡುವುದು ಮೈಕ್ರೋನೀಡ್ಲಿಂಗ್. ಅದಕ್ಕೆ ಬಳಸುವ, ಸೂಜಿ ನಾಟಿದ ಉರುಳೆಯಾದ ಡರ್ಮಾ ರೋಲರ್ ಈಗ ಬಾಚಣಿಗೆ ಕೊಂಡಷ್ಟೇ ಸಲೀಸಾಗಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಡಬ್ಬಿಯ ಮೇಲೆ ಸೂಜಿಯ ಉದ್ದ ಹೇಳುವ 0.5 ಎಂದೋ 1.5 ಎಂದೋ ಒಂದು ಮಿ.ಮೀ. ಅಂಕಿ, ಒಳಗೆ ಮಡಚಿಟ್ಟ ಒಂದು ಇಂಗ್ಲಿಷ್ ಚೀಟಿ, ಅಷ್ಟೇ. ಅಂಕಿ ದೊಡ್ಡದಾದಷ್ಟೂ ಫಲ ಜಾಸ್ತಿ ಎಂದುಕೊಂಡು ಕೊಂಡವರೇ ಎರಡು ತಿಂಗಳ ಮೇಲೆ ಕೆನ್ನೆ ತುಂಬ ಕಂದು ಕಲೆ ಹೊತ್ತು ಚರ್ಮದ ಡಾಕ್ಟರ ಮುಂದೆ ಕೂರುತ್ತಾರೆ. ಈ ಚಿಕಿತ್ಸೆಯಲ್ಲಿ ಸೂಜಿಯ ಉದ್ದಕ್ಕಿಂತ ದೊಡ್ಡ ಲೆಕ್ಕಗಳು ಮೂರಿವೆ: ಸೂಜಿ ಎಷ್ಟು ಶುಚಿ, ಎರಡು ಸಲದ ನಡುವೆ ಎಷ್ಟು ದಿನ, ಚುಚ್ಚಿದ ಮೇಲೆ ಮುಖಕ್ಕೆ ಏನು ಹಚ್ಚುತ್ತೀರಿ.

ನಡೆಯುವುದು ಇಷ್ಟು. ಸೂಜಿ ಚುಚ್ಚಿದಲ್ಲಿ ಸಣ್ಣ ಗಾಯವಾಗುತ್ತದೆ. ರಕ್ತದ ಪ್ಲೇಟ್‌ಲೆಟ್‌ಗಳು ಅಲ್ಲಿ ಬೆಳವಣಿಗೆಯ ಅಂಶಗಳನ್ನು ಬಿಡುತ್ತವೆ, ಅವು ಫೈಬ್ರೊಬ್ಲಾಸ್ಟ್ ಎಂಬ ಕೋಶಗಳನ್ನು ಎಬ್ಬಿಸುತ್ತವೆ, ಆ ಕೋಶಗಳು ಹೊಸ ಕೊಲಾಜೆನ್ ಹೆಣೆಯುತ್ತವೆ. ಮೊದಲು ಬರುವುದು ತೆಳ್ಳನೆಯ ಕೊಲಾಜೆನ್; ಅದು ಗಟ್ಟಿ ಕೊಲಾಜೆನ್ ಆಗಲು ತಿಂಗಳುಗಳೇ ಬೇಕು. ಮಾರನೆಯ ದಿನ ಮುಖ ತುಂಬಿಕೊಂಡು ಹೊಳೆಯುವುದು ಬರೀ ಊತ. ಅದನ್ನು ಫಲ ಎಂದು ನಂಬಿ ವಾರಕ್ಕೊಮ್ಮೆ ಆಳವಾಗಿ ಚುಚ್ಚಿಕೊಳ್ಳುವವರು ಅರ್ಧ ಕಟ್ಟಿದ ಗೋಡೆಯನ್ನು ಪ್ರತಿ ವಾರ ಕೆಡವಿದ ಹಾಗೆ ಮಾಡುತ್ತಾರೆ.

ಈ ವಿದ್ಯೆ ಹೊಳೆದದ್ದು ಹಚ್ಚೆಯ ಯಂತ್ರದಿಂದ. ಕೆನಡಾದ ಕ್ಯಾಮಿರಾಂಡ್ ಮತ್ತು ಡೂಸೆ ಎಂಬ ವೈದ್ಯರು ಶಾಯಿ ಇಲ್ಲದ ಹಚ್ಚೆ ಸೂಜಿಯನ್ನು ಗಾಯದ ಕಲೆಗಳ ಮೇಲೆ ಆಡಿಸಿದಾಗ ಕಲೆ ಮೆತ್ತಗಾದದ್ದನ್ನು 1997ರಲ್ಲಿ ಪ್ರಕಟಿಸಿದರು. ದಕ್ಷಿಣ ಆಫ್ರಿಕಾದ ಪ್ಲಾಸ್ಟಿಕ್ ಸರ್ಜನ್ ಡೆಸ್ಮಂಡ್ ಫರ್ನಾಂಡಿಸ್ ಅದನ್ನು ಉರುಳುವ ಡ್ರಮ್ಮಿಗೆ ಇಳಿಸಿದರು. ಇಂದಿನ ರೋಲರ್‌ನ ಮೂಲ ಅದೇ.

ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ

ಮೊಡವೆ ಬಿಟ್ಟುಹೋದ ಗುಳಿಗಳಲ್ಲಿ ಮೂರು ಜಾತಿ. ಕನ್ನಡಿಯ ಮುಂದೆ ನಿಂತು ಟಾರ್ಚ್ ಬೆಳಕನ್ನು ಕೆನ್ನೆಯ ಪಕ್ಕದಿಂದ ಹಾಯಿಸಿ ನೋಡಿ. ಅಲೆ ಅಲೆಯಾಗಿ ತಗ್ಗು ಕಂಡು, ಬೆರಳಿಂದ ಚರ್ಮ ಎಳೆದಾಗ ಅದು ಮಾಯವಾದರೆ ಮೈಕ್ರೋನೀಡ್ಲಿಂಗ್‌ಗೆ ಚೆನ್ನಾಗಿ ಬಗ್ಗುವ ಜಾತಿ. ಅಂಚು ಕಡಿದಂತೆ ನೇರವಾಗಿದ್ದು ಆಳ ಕಡಿಮೆ ಇದ್ದರೆ ಅದೂ ಸಾಕಷ್ಟು ಸುಧಾರಿಸುತ್ತದೆ. ದಬ್ಬಳದಿಂದ ಚುಚ್ಚಿದ ಹಾಗೆ ಬಾಯಿ ಕಿರಿದು, ಆಳ ಜಾಸ್ತಿ ಇರುವ ಗುಳಿಗೆ ಮಾತ್ರ ಇದರಿಂದ ಹೆಚ್ಚೇನೂ ಆಗದು. ಅದಕ್ಕೆ ಟಿಸಿಎ ಕ್ರಾಸ್ ಎಂದು ಒಂದೊಂದೇ ಗುಳಿಯೊಳಗೆ ಗಾಢ ಆಮ್ಲ ಮುಟ್ಟಿಸುವ ಬೇರೆ ವಿಧಾನವಿದೆ. ಅಲೆಯಂಥ ತಗ್ಗಿನಲ್ಲೇ ಕೆಳಗಿನಿಂದ ನಾರು ಹಿಡಿದೆಳೆದಂತಿದ್ದರೆ ಮೊದಲು ಸಬ್‌ಸಿಷನ್ ಮಾಡಿ, ಅಂದರೆ ಚರ್ಮದಡಿ ಸೂಜಿ ಆಡಿಸಿ, ಆ ನಾರು ಬಿಡಿಸಬೇಕು. ಇದನ್ನೆಲ್ಲ ನೋಡದೆ ‘ಆರು ಸಿಟ್ಟಿಂಗ್ ಪ್ಯಾಕೇಜ್’ ಮಾರುವ ಜಾಗದಲ್ಲಿ ದುಡ್ಡು ಕಟ್ಟಬೇಡಿ.

ಹೆರಿಗೆಯ ನಂತರದ ಹೊಟ್ಟೆಯ ಗೀರು, ಸೀತಾಳೆ ಸಿಡುಬಿನ ಗುಳಿ, ಹಳೆಯ ಗಾಯದ ಕಲೆ, ಸಣ್ಣ ಸುಕ್ಕು ಇವುಗಳಿಗೂ ಮಾಡುತ್ತಾರೆ. ಬಂಗಿಗೆ ಮಾಡುವುದುಂಟು, ಆದರೆ ಬಂಗು ಕೆರಳುವ ಸ್ವಭಾವದ್ದು. ಕೈ ತಪ್ಪಿದರೆ ಇನ್ನಷ್ಟು ಕಪ್ಪಾಗುತ್ತದೆ. ಮನೆಯಲ್ಲಂತೂ ಅದರ ತಂಟೆಗೆ ಹೋಗುವುದೇ ಬೇಡ.

ಯಾರು ಮಾಡಿಸಿಕೊಳ್ಳಬಾರದು ಎಂಬ ಪಟ್ಟಿ ಉದ್ದ, ಅಷ್ಟೂ ಓದಿಕೊಳ್ಳಿ. ಕೀವಿನ ಮೊಡವೆ ಎದ್ದಿರುವಾಗ ರೋಲರ್ ಉರುಳಿಸಿದರೆ ಒಂದು ಕೆನ್ನೆಯ ಸೋಂಕನ್ನು ಇನ್ನೊಂದಕ್ಕೆ ನಾಟಿ ಮಾಡಿದ ಹಾಗೆ. ಮುಖದಲ್ಲಿ ನರುಳ್ಳೆ ಇದ್ದರೂ ಅಷ್ಟೇ, ಸೂಜಿಯ ಸಾಲು ಹೋದ ದಾರಿಯಲ್ಲೆಲ್ಲ ಹೊಸ ನರುಳ್ಳೆ ಏಳುತ್ತವೆ. ತೊನ್ನು, ಸೋರಿಯಾಸಿಸ್, ಲೈಕನ್ ಪ್ಲಾನಸ್ ಇರುವವರಿಗೆ ಗಾಯವಾದ ಜಾಗದಲ್ಲೇ ಆ ಕಾಯಿಲೆ ಹೊಸದಾಗಿ ಕಾಣಿಸಿಕೊಳ್ಳಬಹುದು. ಕಿವಿ ಚುಚ್ಚಿಸಿದ ಜಾಗ ಗಂಟು ಕಟ್ಟಿ ಬೆಳೆದಿದ್ದರೆ ಅದು ಕೀಲಾಯ್ಡ್ ಪ್ರಕೃತಿ, ದೂರ ಇರಿ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಬಸಿರು, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಇವಿದ್ದರೆ ಡಾಕ್ಟರಿಗೆ ಹೇಳದೆ ಕೂರಬಾರದು. ಆಗಾಗ ತುಟಿಯ ಸುತ್ತ ಹರ್ಪಿಸ್ ಗುಳ್ಳೆ ಏಳುವವರು ಮೊದಲೇ ತಿಳಿಸಿದರೆ ವೈರಸ್ ತಡೆಯುವ ಮಾತ್ರೆ ಕೊಟ್ಟು ಆಮೇಲೆ ಮಾಡುತ್ತಾರೆ.

ಇನ್ನೊಂದು ವಿಷಯವನ್ನು ನಮ್ಮವರು ಸಾಮಾನ್ಯವಾಗಿ ಮುಚ್ಚಿಡುತ್ತಾರೆ. ಬೆಳ್ಳಗಾಗಲಿ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ವರ್ಷಗಟ್ಟಲೆ ಹಚ್ಚಿದ ಕ್ರೀಮ್. ಅದರಲ್ಲಿ ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಇದ್ದರೆ ಚರ್ಮ ತೆಳುವಾಗಿರುತ್ತದೆ, ಸೂಜಿ ತಡೆಯುವುದಿಲ್ಲ. ಟ್ಯೂಬನ್ನೇ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ಆಳದ ಲೆಕ್ಕ

ಮುಖದ ಹೊರಚರ್ಮದ ದಪ್ಪ 0.1 ಮಿ.ಮೀ. ಆಸುಪಾಸು. ಅದರ ಕೆಳಗಿನ ಒಳಚರ್ಮ ಸುಮಾರು 1ರಿಂದ 2 ಮಿ.ಮೀ.; ಕೊಲಾಜೆನ್ ಇರುವುದು ಅಲ್ಲಿ. 0.2–0.25 ಮಿ.ಮೀ. ಸೂಜಿ ಹೊರಚರ್ಮ ದಾಟಿ ಹೊಸಿಲ ಮೇಲೆ ನಿಲ್ಲುತ್ತದೆ. ಹಚ್ಚಿದ್ದು ಒಳಗೆ ಇಳಿಯಲು ಅಷ್ಟು ಸಾಕು, ಗುಳಿ ತುಂಬಲು ಸಾಲದು. ಗುಳಿಗೆ ಬೇಕಾದದ್ದು 1ರಿಂದ 2 ಮಿ.ಮೀ. ಅಷ್ಟು ಆಳಕ್ಕೆ ಹೋದರೆ ರಕ್ತ ಬರುತ್ತದೆ, ರಕ್ತ ಬರುವ ಕೆಲಸ ಕ್ಲಿನಿಕ್ಕಿನದು. ಗೆರೆ ಇಲ್ಲಿ ಎಳೆದುಕೊಳ್ಳಿ: ಮನೆಯಲ್ಲಿ ಮುಖಕ್ಕೆ 0.25, ತಲೆಗೆ 0.5. ಅದರಾಚೆಯದು ವೈದ್ಯರ ಕೈಯಲ್ಲಿ.

ಕ್ಲಿನಿಕ್ಕಿನಲ್ಲೂ ಮುಖವಿಡೀ ಒಂದೇ ಆಳ ಇಡುವುದಿಲ್ಲ. ಕೆನ್ನೆಗೆ 1.5–2 ಮಿ.ಮೀ., ಹಣೆ ಮತ್ತು ಮೂಗಿಗೆ 0.5–1, ಕಣ್ಣಿನ ಕೆಳಗೆ 0.25–0.5, ರೆಪ್ಪೆಗೆ ಏನೂ ಇಲ್ಲ. ಕೆನ್ನೆಮೂಳೆ, ಹಣೆಯ ಪಕ್ಕ ಇಂಥ ಕಡೆ ಚರ್ಮದ ಕೆಳಗೇ ಎಲುಬು. ಅಲ್ಲಿ 2 ಮಿ.ಮೀ. ರೋಲರನ್ನು ಒತ್ತಿ ಉರುಳಿಸಿದರೆ ರೈಲು ಹಳಿಯ ಹಾಗೆ ಸಮಾನಾಂತರ ಚುಕ್ಕಿಗಳ ಸಾಲು ಶಾಶ್ವತವಾಗಿ ಉಳಿಯಬಹುದು. ಗುಳಿ ತೆಗೆಸಲು ಹೋಗಿ ಹಳಿ ಹಾಕಿಸಿಕೊಂಡ ಹಾಗಾಗುತ್ತದೆ.

ರೋಲರ್ ಕೊಳ್ಳುವಾಗ

ಡಬ್ಬಿಯ ಮೇಲೆ 540 ಸೂಜಿ ಎಂದಿದ್ದರೆ ಅಲ್ಲಿಗೇ ಬಿಡಿ. ಅವು ಬಹುಪಾಲು ಸೂಜಿಗಳೇ ಅಲ್ಲ. ತೆಳು ತಗಡಿನ ಬಿಲ್ಲೆಗಳಿಗೆ ಗರಗಸದ ಹಾಗೆ ಹಲ್ಲು ಕಡಿದು, ಒಂದರ ಪಕ್ಕ ಒಂದು ಜೋಡಿಸಿರುತ್ತಾರೆ. ಮೊನೆ ಚಪ್ಪಟೆ. ಚುಚ್ಚಿದ್ದು ತೂತಾಗುವುದಿಲ್ಲ, ಸೀಳಾಗುತ್ತದೆ. ಸರಿಯಾದ ರೋಲರ್‌ನಲ್ಲಿ 192 ಸೂಜಿ, 24 ಸಾಲು, ಸಾಲಿಗೆ 8. ಪ್ರತಿಯೊಂದು ಸೂಜಿಯೂ ಪ್ಲಾಸ್ಟಿಕ್ಕಿನಲ್ಲಿ ಬಿಡಿಬಿಡಿಯಾಗಿ ನಾಟಿಕೊಂಡಿರುತ್ತದೆ. ಫೋನಿನ ಕ್ಯಾಮೆರಾ ಜೂಮ್ ಮಾಡಿ ನೋಡಿದರೆ ಬಿಲ್ಲೆಯೋ ಸೂಜಿಯೋ ಎಂದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಬಂಗಾರದ ಬಣ್ಣ, ಟೈಟಾನಿಯಮ್ ಎಂಬ ಹೆಸರು ಇವಕ್ಕೆಲ್ಲ ಹೆಚ್ಚು ಕೊಡಬೇಡಿ.

ಹೊಸದೇ ಆಗಲಿ, ನಾಲ್ಕು ಸಲ ಬಳಸಿದ್ದೇ ಆಗಲಿ, ಮುಖಕ್ಕೆ ಇಡುವ ಮುನ್ನ ಒಂದು ಪರೀಕ್ಷೆ. ಒಂದು ಪದರ ಟಿಶ್ಯೂ ಕಾಗದವನ್ನು ಕೈವಸ್ತ್ರದ ಮೇಲೆ ಹಾಸಿ, ರೋಲರನ್ನು ಭಾರ ಹಾಕದೆ ಒಮ್ಮೆ ಉರುಳಿಸಿ ಎತ್ತಿ. ಕಾಗದದಲ್ಲಿ ದುಂಡು ಚುಕ್ಕಿಗಳಷ್ಟೇ ಇದ್ದರೆ ಸರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡು ಮೇಲೆ ಬಂದರೆ, ಬಾಲ ಇರುವ ಚುಕ್ಕಿ ಕಂಡರೆ, ಒಂದು ಸೂಜಿಯ ಮೊನೆ ಕೊಕ್ಕೆಯಾಗಿದೆ ಎಂದರ್ಥ. ರೋಲರ್ ಒಮ್ಮೆ ಸಿಂಕಿಗೆ ಬಿದ್ದರೂ, ಮುಚ್ಚಳ ಹಾಕುವಾಗ ಅಂಚಿಗೆ ತಾಗಿದರೂ ಮೊನೆ ಹೀಗೆ ಬಾಗುತ್ತದೆ. ಅಂಥದ್ದು ಸೀದಾ ಕಸಕ್ಕೆ. ಏನೂ ಆಗದಿದ್ದರೂ 0.25ರದ್ದನ್ನು ಎಂಟು–ಹತ್ತು ಸಲಕ್ಕೆ, 0.5ರದ್ದನ್ನು ನಾಲ್ಕೈದು ಸಲಕ್ಕೆ ಬದಲಿಸಿ. ಮೊಂಡು ಸೂಜಿಯ ಗುರುತು ಒಂದೇ: ಮೊದಲಿಗಿಂತ ಜಾಸ್ತಿ ಒತ್ತಬೇಕು ಅನ್ನಿಸುತ್ತದೆ.

ಒಂದು ರೋಲರ್ ಒಬ್ಬರಿಗೆ. ಗಂಡ–ಹೆಂಡತಿ, ಅಕ್ಕ–ತಂಗಿ, ಪಿಜಿಯ ರೂಮ್‌ಮೇಟ್, ಯಾರ ಜೊತೆಗೂ ಹಂಚಿಕೊಳ್ಳಬಾರದು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಮೂರೂ ರಕ್ತದಿಂದ ಹರಡುವಂಥವು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪರವಾನಗಿ ಇಲ್ಲದ ಒಂದು ಸ್ಪಾದಲ್ಲಿ ಪಿಆರ್‌ಪಿ (ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ದ್ರವ) ಜೊತೆಗಿನ ಮೈಕ್ರೋನೀಡ್ಲಿಂಗ್ ಮಾಡಿಸಿಕೊಂಡವರಿಗೆ ಎಚ್‌ಐವಿ ತಗುಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ದಾಖಲಿಸಿದೆ.

ಮನೆಯಲ್ಲಿ ಮುಖಕ್ಕೆ: 0.25 ಮಿ.ಮೀ.

ರಾತ್ರಿ ಮಾಡಿ. ಬಿಸಿಲಿಗೆ ಹೋಗುವ ಪ್ರಶ್ನೆ ಬರುವುದಿಲ್ಲ, ಬೆಳಗ್ಗೆ ಹೊತ್ತಿಗೆ ಕೆಂಪು ಇಳಿದಿರುತ್ತದೆ. ಮೂರು ದಿನ ಮೊದಲೇ ರೆಟಿನಾಲ್, ಗ್ಲೈಕೋಲಿಕ್ ಆಸಿಡ್, ಸ್ಕ್ರಬ್, ಥ್ರೆಡಿಂಗ್, ವ್ಯಾಕ್ಸಿಂಗ್ ನಿಲ್ಲಿಸಿ.

ಮೊದಲು ರೋಲರ್ ತಯಾರಿ. ಬಿಸಿ ನೀರು, ಒಂದು ಹನಿ ಪಾತ್ರೆಯ ಲಿಕ್ವಿಡ್; ಅದರಲ್ಲಿ ಅಲ್ಲಾಡಿಸಿ ತೊಳೆಯಿರಿ. ಕುದಿಸಬೇಡಿ, ಸೂಜಿ ಹಿಡಿದಿರುವ ಪ್ಲಾಸ್ಟಿಕ್ ಸಡಿಲವಾಗುತ್ತದೆ. ಬ್ರಷ್ಷಿನಲ್ಲಿ ತಿಕ್ಕಬೇಡಿ, ಮೊನೆ ಬಾಗುತ್ತದೆ. ಆಮೇಲೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ತುಂಬಿದ ಸಣ್ಣ ಬಟ್ಟಲಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. 99 ಶೇಕಡದ್ದು ಇನ್ನೂ ಒಳ್ಳೆಯದಲ್ಲವೇ ಎಂದರೆ ಅಲ್ಲ. ನೀರು ಬೆರೆತಿದ್ದರೇ ಅದು ಸೂಕ್ಷ್ಮಾಣುವಿನ ಒಳಗೆ ಇಳಿದು ಕೆಲಸ ಮಾಡುವುದು, ಜೊತೆಗೆ ಬೇಗ ಆರಿಹೋಗುವುದಿಲ್ಲ. ಎತ್ತಿ ಶುಭ್ರ ಗಾಜ್ ಬಟ್ಟೆಯ ಮೇಲೆ ಸೂಜಿ ತಾಗದಂತೆ ನಿಲ್ಲಿಸಿ ಪೂರ್ತಿ ಆರಲು ಬಿಡಿ. ಇಷ್ಟು ಮಾಡಿದರೂ ಇದು ಆಪರೇಷನ್ ಥಿಯೇಟರಿನ ಶುಚಿಯಲ್ಲ. ಮನೆಯಲ್ಲಿ 0.25ಕ್ಕೆ ನಿಲ್ಲಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಮುಖವನ್ನು ವಾಸನೆ ಇಲ್ಲದ, ನೊರೆ ಕಡಿಮೆ ಇರುವ ಕ್ಲೆನ್ಸರ್‌ನಲ್ಲಿ ತೊಳೆಯಿರಿ. ಕೊನೆಯ ಸಲ ತೊಳೆಯುವ ನೀರಿನ ಬಗ್ಗೆ ಬೆಂಗಳೂರಿನವರು ಸ್ವಲ್ಪ ಯೋಚಿಸಬೇಕು. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಗಡಸು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವುದು ನಿಮಗೇ ಗೊತ್ತು. ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ, ಅಲ್ಲಿಂದ ನಲ್ಲಿಗೆ ಬಂದ ನೀರು ಎಷ್ಟು ಶುದ್ಧ ಎನ್ನುವುದು ಟ್ಯಾಂಕ್ ತೊಳೆದು ಎಷ್ಟು ತಿಂಗಳಾಯಿತು ಎಂಬುದರ ಮೇಲೆ ಹೋಗುತ್ತದೆ. ಮೆಡಿಕಲ್‌ನಲ್ಲಿ 100 ಎಂ.ಎಲ್. ನಾರ್ಮಲ್ ಸಲೈನ್ ಬಾಟಲಿ ತಂದು, ಗಾಜ್ ಅದ್ದಿ ಒರೆಸಿದರೆ ಆ ತಲೆನೋವೇ ಇಲ್ಲ. ತೆರೆದ ಬಾಟಲಿಯನ್ನು ಮುಂದಿನ ವಾರಕ್ಕೆ ಎತ್ತಿಡಬೇಡಿ, ಉಳಿದದ್ದನ್ನು ಚೆಲ್ಲಿ.

ಮರಗಟ್ಟಿಸುವ ಕ್ರೀಮ್ 0.25ಕ್ಕೆ ಬೇಡ. ನೋವು ಇಲ್ಲಿ ಕಾವಲುಗಾರ. ಅದನ್ನು ಮಲಗಿಸಿದರೆ ಎಷ್ಟು ಒತ್ತುತ್ತಿದ್ದೀರಿ ಎಂದು ಹೇಳುವವರು ಯಾರೂ ಇರುವುದಿಲ್ಲ.

ಮುಖಕ್ಕೆ ಬರೀ ಹಯಲುರಾನಿಕ್ ಆಸಿಡ್ ಇರುವ, ಸುವಾಸನೆ ಬೆರೆಸದ ಸೀರಮ್ ತೆಳುವಾಗಿ ಸವರಿ. ಒಣ ಚರ್ಮದ ಮೇಲೆ ಸೂಜಿ ಜಗ್ಗುತ್ತದೆ. ಒಂದು ಕೈಯಿಂದ ಚರ್ಮ ಬಿಗಿಯಾಗಿ ಹಿಡಿಯಿರಿ. ರೋಲರನ್ನು ಮೂರು–ನಾಲ್ಕು ಸೆಂ.ಮೀ. ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಉರುಳಿಸಿ, ಎತ್ತಿ, ಮತ್ತೆ ಮೊದಲ ಜಾಗದಿಂದ ಉರುಳಿಸಿ. ಅಡ್ಡಕ್ಕೆ ನಾಲ್ಕು ಸಲ, ಉದ್ದಕ್ಕೆ ನಾಲ್ಕು ಸಲ, ಓರೆಯಾಗಿ ಎರಡು ಕಡೆಗೂ ಎರಡೆರಡು ಸಲ. ದಿಕ್ಕು ಬದಲಿಸುವಾಗ ರೋಲರ್ ಚರ್ಮದಿಂದ ಪೂರ್ತಿ ಮೇಲೆದ್ದಿರಬೇಕು. ಇಟ್ಟ ಜಾಗದಲ್ಲೇ ತಿರುಗಿಸಿದರೆ ಚರ್ಮದೊಳಗಿರುವ ಸೂಜಿಗಳು ಚಾಪದಂತೆ ಗೀರುತ್ತವೆ. ಒತ್ತಡ ಎಷ್ಟು ಎಂದರೆ, ರೋಲರ್‌ನ ಭಾರಕ್ಕಿಂತ ಸ್ವಲ್ಪವೇ ಜಾಸ್ತಿ. ಪೆನ್ನಿನಿಂದ ತೆಳು ಕಾಗದದ ಮೇಲೆ ಬರೆಯುವಷ್ಟು. ಮುಖ ಒಂದೇ ಸಮ ತಿಳಿಗೆಂಪಾದಾಗ ನಿಲ್ಲಿಸಿ. 0.25 ಸೂಜಿಯಲ್ಲಿ ರಕ್ತದ ಚುಕ್ಕಿ ಕಂಡರೆ ತಪ್ಪು ನಡೆದಿದೆ: ಒಂದೋ ಒತ್ತಡ ಜಾಸ್ತಿ, ಇಲ್ಲವೇ ಸೂಜಿ ಬಾಗಿದೆ, ಅದೂ ಅಲ್ಲದಿದ್ದರೆ ಡಬ್ಬಿಯ ಮೇಲಿನ ಅಂಕಿ ಸುಳ್ಳು.

ಇಡೀ ಮುಖಕ್ಕೆ ಐದಾರು ನಿಮಿಷ ಸಾಕು. ಕಣ್ಣಿನ ಗುಳಿ, ತುಟಿ, ಮಚ್ಚೆ ಬಿಟ್ಟುಬಿಡಿ. ವಾರಕ್ಕೆ ಒಂದು ಸಲಕ್ಕಿಂತ ಹೆಚ್ಚು ಬೇಡ, ಎರಡು ವಾರಕ್ಕೊಮ್ಮೆ ಇನ್ನೂ ವಾಸಿ.

ಆದ ಮೇಲೆ ಏನು ಹಚ್ಚಬಾರದು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಮುಚ್ಚಿದ ಚರ್ಮದ ಮೇಲೆ ನಿರಪಾಯವಾದದ್ದು ತೂತು ಬಿದ್ದ ಚರ್ಮದೊಳಗೆ ನಿರಪಾಯವಲ್ಲ. ಮೈಕ್ರೋನೀಡ್ಲಿಂಗ್ ಜೊತೆಗೆ ವಿಟಮಿನ್ ಸಿ ಸೀರಮ್‌ನಂಥವನ್ನು ಹಚ್ಚಿದ ಮೂವರು ಹೆಂಗಸರ ಮುಖದಲ್ಲಿ ಗ್ರಾನ್ಯುಲೋಮಾ ಎಂಬ ಗಟ್ಟಿ ಗಂಟುಗಳೆದ್ದ ವರದಿ 2014ರಲ್ಲಿ ಅಮೆರಿಕದ ಚರ್ಮವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ವಿಟಮಿನ್ ಸಿ, ರೆಟಿನಾಲ್, ನಿಯಾಸಿನಮೈಡ್ ಬೆರೆಸಿದ ಸೀರಮ್, ಸುವಾಸನೆಯ ಕ್ರೀಮ್ ಇವೆಲ್ಲ ಐದರಿಂದ ಏಳು ದಿನ ಬೀರುವಿನಲ್ಲೇ ಇರಲಿ.

ನಮ್ಮ ಮನೆಗಳ ಪಟ್ಟಿ ಬೇರೆಯೇ ಇದೆ. ಅರಿಶಿನ ಸೋಂಕು ತಡೆಯುತ್ತದೆ ಎಂದು ಅಜ್ಜಿ ಹೇಳುತ್ತಾರೆ; ಅಡುಗೆಮನೆಯ ಅರಿಶಿನದ ಪುಡಿ ಮಾತ್ರ ಶುಚಿಯಾದ ವಸ್ತುವಲ್ಲ, ಅದರ ಕಣ ಒಳಗೆ ಕೂತರೆ ಕಲೆಯೂ ಉಳಿಯಬಹುದು. ಕುಂಡದಿಂದ ಕಿತ್ತ ಲೋಳೆಸರದ ತಿರುಳಿಗೂ ಇದೇ ಮಾತು, ಅದರ ಹಳದಿ ರಸ ಉರಿ ತರುತ್ತದೆ. ನಿಂಬೆರಸ, ಮುಲ್ತಾನಿ ಮಿಟ್ಟಿ, ಕಡಲೆಹಿಟ್ಟು, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಹಣೆಗೆ ಚುಚ್ಚಿದ್ದರೆ ಎರಡು ದಿನ ಕುಂಕುಮ, ವಿಭೂತಿ, ಅಂಟಿಸುವ ಬಿಂದಿ ಇಡಬೇಡಿ.

ಹಚ್ಚಬೇಕಾದದ್ದು ಎರಡೇ: ಅದೇ ಹಯಲುರಾನಿಕ್ ಸೀರಮ್, ಅದರ ಮೇಲೆ ಸಾದಾ ಮಾಯಿಶ್ಚರೈಸರ್. ದಿಂಬಿನ ಕವರ್ ಅವತ್ತು ಒಗೆದದ್ದಿರಲಿ. 24 ಗಂಟೆ ಮೇಕಪ್, ಜಿಮ್, ಈಜು ಇಲ್ಲ.

ಮಾರನೆಯ ದಿನದಿಂದ ಸನ್‌ಸ್ಕ್ರೀನ್, ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ್ದು. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ ಕುತ್ತಿಗೆಗೆ ಸರಿಯಾಗುತ್ತದೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬೆಂಗಳೂರಿನ ತಂಪು ಗಾಳಿ ಇದರಲ್ಲಿ ದೊಡ್ಡ ಮೋಸಗಾರ. ಊರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಮೈ ಸುಡದಿದ್ದರೂ ಅತಿನೇರಳೆ ಕಿರಣ ಸುಡುತ್ತಿರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ಇಲ್ಲಿ ನಡುಮಧ್ಯಾಹ್ನ ನೆರಳೇ ಇಲ್ಲದ ದಿನ ಬರುತ್ತದಲ್ಲ, ಆಗ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಕ್ಲಿನಿಕ್ಕಿನಲ್ಲಿ ಆಳದ ಸಿಟ್ಟಿಂಗ್ ಶುರು ಮಾಡುವವರು ಮಾರ್ಚ್–ಏಪ್ರಿಲ್ ಬಿಟ್ಟು ನವೆಂಬರ್‌ನಿಂದ ಶುರು ಮಾಡಿದರೆ ಅರ್ಧ ಗೆದ್ದಂತೆ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮ ಯಾವ ಗಾಯಕ್ಕೂ ಮೊದಲು ಕೊಡುವ ಉತ್ತರ ಕಪ್ಪು ಕಲೆ. ಲೇಸರ್‌ಗೆ ಹೋಲಿಸಿದರೆ ಮೈಕ್ರೋನೀಡ್ಲಿಂಗ್‌ನಲ್ಲಿ ಆ ಅಪಾಯ ಕಡಿಮೆ, ಹೊರಚರ್ಮ ಸುಟ್ಟುಹೋಗದೆ ಉಳಿಯುತ್ತದೆ ಎಂಬ ಕಾರಣಕ್ಕೆ. ಆದರೆ ಸನ್‌ಸ್ಕ್ರೀನ್ ಬಿಟ್ಟರೆ ಆ ಅನುಕೂಲವೂ ಹೋಯಿತು.

ತಲೆಗೆ

ಕೂದಲಿಗೆ ಇದನ್ನು ಗಂಭೀರವಾಗಿ ಪರೀಕ್ಷಿಸಿದ ಮೊದಲ ಕೆಲಸ ನಡೆದದ್ದು ನಮ್ಮ ದೇಶದಲ್ಲೇ. ಮುಂಬೈನ ಡಾ. ರಚಿತಾ ಧುರತ್ ಮತ್ತು ಸಂಗಡಿಗರು ಗಂಡಸರ ಬಕ್ಕತಲೆಯ 100 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೂದಲು ಬೆಳೆಯಲು ತಲೆಗೆ ಹಚ್ಚುವ 5 ಶೇಕಡಾ ಮಿನಾಕ್ಸಿಡಿಲ್ ಮಾತ್ರ, ಇನ್ನೊಂದಕ್ಕೆ ಮಿನಾಕ್ಸಿಡಿಲ್ ಜೊತೆ ವಾರಕ್ಕೊಮ್ಮೆ 1.5 ಮಿ.ಮೀ. ರೋಲರ್ ಕೊಟ್ಟರು. 12 ವಾರದ ಮೇಲೆ, ಗುರುತು ಮಾಡಿದ ಜಾಗದಲ್ಲಿ ಕೂದಲಿನ ಏರಿಕೆ ಮೊದಲ ಗುಂಪಿನಲ್ಲಿ ಸರಾಸರಿ 22, ಎರಡನೆಯದರಲ್ಲಿ 91. 2013ರಲ್ಲಿ ಪ್ರಕಟವಾದ ಈ ಅಂಕಿಯೇ 1.5 ಮಿ.ಮೀ. ರೋಲರ್ ಮನೆಮನೆಗೆ ಬರಲು ಕಾರಣ. ಆದರೆ ಅದು ವೈದ್ಯರ ಕೈಯಲ್ಲಿ ನಡೆದದ್ದು ಎಂಬ ಸಾಲನ್ನು ಮಾರುವವರು ಹೇಳುವುದಿಲ್ಲ. ಆಮೇಲೆ 0.6 ಮತ್ತು 1.2 ಮಿ.ಮೀ. ಹೋಲಿಸಿ ನೋಡಿದಾಗ ಕಡಿಮೆ ಆಳವೇನೂ ಹಿಂದೆ ಬೀಳಲಿಲ್ಲ. ಹಾಗಾಗಿ ಮನೆಯಲ್ಲಿ 0.5 ಇಟ್ಟುಕೊಂಡರೆ ಕಳೆದುಕೊಳ್ಳುವುದು ಹೆಚ್ಚಿಲ್ಲ.

ಎರಡು ಮಾತು ಮೊದಲೇ. ನುಣುಪಾಗಿ ಹೊಳೆಯುವ ಜಾಗದಲ್ಲಿ ಕೂದಲ ಬೇರೇ ಉಳಿದಿರುವುದಿಲ್ಲ, ಅಲ್ಲಿ ಚುಚ್ಚಿ ಫಲವಿಲ್ಲ. ತೆಳುವಾಗಿ ಸಣ್ಣಗಾದ ಕೂದಲು ಇರುವಲ್ಲಿ ಮಾತ್ರ ಕೆಲಸ. ಎರಡನೆಯದು, ಹೆಂಗಸರ ಕೂದಲು ಉದುರಿದರೆ ಮೊದಲು ನೋಡಬೇಕಾದದ್ದು ಥೈರಾಯ್ಡ್, ಹಿಮೋಗ್ಲೋಬಿನ್, ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್. ಡೆಂಗಿ, ಟೈಫಾಯ್ಡ್, ಹೆರಿಗೆ ಆಗಿ ಎರಡು–ಮೂರು ತಿಂಗಳಿಗೆ ಉದುರುವುದು ಬಹಳ ಸಲ ತಾನೇ ನಿಲ್ಲುತ್ತದೆ.

ಉದ್ದ ಕೂದಲಿಗೆ ರೋಲರ್ ಬೇಡ, ಸುತ್ತಿಕೊಂಡು ಕಿತ್ತು ಬರುತ್ತದೆ. ಸ್ಟ್ಯಾಂಪ್ ಮಾದರಿ ತೆಗೆದುಕೊಳ್ಳಿ: ಚಪ್ಪಟೆ ತಲೆಯ ಮೇಲೆ ಸೂಜಿಗಳು, ಒತ್ತಿ ಎತ್ತುವುದಷ್ಟೇ. ಹೊಟ್ಟು ಇದ್ದರೆ ಅದನ್ನು ಕೀಟೊಕೊನಜೋಲ್ ಶಾಂಪೂವಿನಲ್ಲಿ ಹತೋಟಿಗೆ ತಂದು ಆಮೇಲೆ ಶುರು ಮಾಡಿ. ಆ ದಿನ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚಬೇಡಿ, ಕೂದಲು ಪೂರ್ತಿ ಒಣಗಿರಲಿ. ಬಾಚಣಿಗೆಯ ಬಾಲದಿಂದ ಒಂದು ಸೆಂ.ಮೀ.ಗೊಂದು ಬೈತಲೆ ತೆಗೆಯುತ್ತ, ಪ್ರತಿ ಬೈತಲೆಯ ಉದ್ದಕ್ಕೂ ಸಲೈನ್ ಗಾಜ್‌ನಿಂದ ಒರೆಸಿ, ನೇರವಾಗಿ ಒತ್ತಿ, ನೇರವಾಗಿ ಎತ್ತಿ. ಒಂದೊಂದು ಜಾಗಕ್ಕೆ ನಾಲ್ಕೈದು ಸಲ. ಒತ್ತಿದ ಮೇಲೆ ಪಕ್ಕಕ್ಕೆ ಜರುಗಿಸಬಾರದು. ಬುರುಡೆ ಕೆಂಪಾದರೆ ಮುಗಿಯಿತು. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಸಾಕು.

ಮಿನಾಕ್ಸಿಡಿಲ್ ಹಚ್ಚುವವರು ಇದನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ: ಚುಚ್ಚಿದ ಮೇಲೆ 24 ಗಂಟೆ ಹಚ್ಚಬಾರದು. ಅದು ಮೂಲದಲ್ಲಿ ರಕ್ತದೊತ್ತಡ ಇಳಿಸುವ ಔಷಧ. ತೂತುಗಳಿಂದ ಒಳಗೆ ಹೋದರೆ ಎದೆ ಡವಗುಟ್ಟುವುದು, ತಲೆ ಸುತ್ತುವುದು, ಮುಖ ಊದುವುದು ಆಗಬಹುದು. ದ್ರಾವಣದಲ್ಲಿರುವ ಆಲ್ಕೋಹಾಲ್, ಪ್ರೊಪಿಲಿನ್ ಗ್ಲೈಕಾಲ್ ಉರಿಯನ್ನಂತೂ ಹೇಳುವುದೇ ಬೇಡ. ಮಾಮೂಲಿ ದಿನಗಳಲ್ಲಿ ಒಂದು ಎಂ.ಎಲ್. ಬೆಳಗ್ಗೆ, ಒಂದು ಎಂ.ಎಲ್. ರಾತ್ರಿ. ಮಿನಾಕ್ಸಿಡಿಲ್ ಶುರು ಮಾಡಿದ ಮೊದಲ ಎರಡು ತಿಂಗಳಲ್ಲಿ ಕೂದಲು ಇನ್ನೂ ಉದುರಿದರೆ ಹೆದರಿ ಬಿಟ್ಟುಬಿಡಬೇಡಿ, ಹಳೆಯದು ಜಾಗ ಖಾಲಿ ಮಾಡುವ ಕ್ರಮ ಅದು.

ಗಾಡಿ ಓಡಿಸುವವರಿಗೆ ಹೆಲ್ಮೆಟ್ ಒಂದು ಪೇಚು. ಒಳಗಿನ ಸ್ಪಂಜಿನಲ್ಲಿ ತಿಂಗಳುಗಟ್ಟಲೆಯ ಬೆವರು, ಎಣ್ಣೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಹೊಗೆ ಎಲ್ಲ ಕೂತಿರುತ್ತದೆ. ಅದಕ್ಕಾಗಿ ಹೆಲ್ಮೆಟ್ ಬಿಡುವ ಹಾಗಿಲ್ಲ. ಶನಿವಾರ ರಾತ್ರಿ ಮಾಡಿ ಭಾನುವಾರ ಮನೆಯಲ್ಲಿರಿ. ಸೋಮವಾರ ಒಗೆದ ಹತ್ತಿ ಬಟ್ಟೆ ತಲೆಗೆ ಕಟ್ಟಿ ಅದರ ಮೇಲೆ ಹಾಕಿಕೊಳ್ಳಿ.

ಕ್ಲಿನಿಕ್ಕಿಗೆ ಹೋದರೆ

ಗೋಡೆಯ ಮೇಲೆ ಕೆಪಿಎಂಇ ನೋಂದಣಿ ಪತ್ರ ಇದೆಯೇ ನೋಡಿ, ಕರ್ನಾಟಕದ ಖಾಸಗಿ ಚಿಕಿತ್ಸಾ ಸಂಸ್ಥೆಗಳಿಗೆ ಅದು ಕಡ್ಡಾಯ. ಡಾಕ್ಟರ ಹೆಸರಿನ ಮುಂದೆ ಎಂ.ಡಿ. ಡಿವಿಎಲ್, ಡಿಡಿವಿಎಲ್, ಡಿವಿಡಿ, ಡಿಎನ್‌ಬಿ ಡರ್ಮಟಾಲಜಿ ಇವುಗಳಲ್ಲೊಂದು, ಜೊತೆಗೆ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರಬೇಕು. ಕಾಸ್ಮೆಟಾಲಜಿ ಸರ್ಟಿಫಿಕೇಟ್ ಎಷ್ಟು ದೊಡ್ಡ ಫ್ರೇಮಿನಲ್ಲಿದ್ದರೂ ಚರ್ಮರೋಗ ಪದವಿಯಲ್ಲ. ಖರ್ಚಿನ ಚಿಂತೆ ಇದ್ದರೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮ ವಿಭಾಗದಲ್ಲಿ ಮೊದಲು ವಿಚಾರಿಸಿ.

ಅಲ್ಲಿ ಲಿಡೊಕೇನ್–ಪ್ರೈಲೊಕೇನ್ ಕ್ರೀಮ್ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ 45ರಿಂದ 60 ನಿಮಿಷ ಬಿಡುತ್ತಾರೆ. ಚುಚ್ಚುವ ಮೊದಲು ಅದನ್ನು ಚೂರೂ ಉಳಿಯದಂತೆ ಒರೆಸಬೇಕು. ನಾಲಿಗೆ ಜುಮ್ಮೆಂದರೆ, ಕಿವಿಯಲ್ಲಿ ಗುಂಯ್‌ಗುಟ್ಟಿದರೆ, ತುಟಿ ನೀಲಿಯಾದರೆ ತಕ್ಷಣ ಹೇಳಿ. ಔಷಧ ರಕ್ತಕ್ಕೆ ಜಾಸ್ತಿ ಸೇರಿದೆ. ರೋಲರ್ ಬದಲು ಸೂಜಿಯನ್ನು ಮೇಲೆ ಕೆಳಗೆ ಆಡಿಸುವ ಪೆನ್ ಯಂತ್ರವಾದರೆ, ಸೂಜಿ ಕೂರಿಸಿದ ಬಿಡಿಭಾಗವಾದ ಕಾರ್ಟ್ರಿಡ್ಜ್‌ನ ಸೀಲನ್ನು ನಿಮ್ಮ ಕಣ್ಣೆದುರೇ ಒಡೆಯಲಿ, ಯಂತ್ರದ ಮೈಗೆ ಪ್ಲಾಸ್ಟಿಕ್ ಸುತ್ತಿರಲಿ. ಅಗ್ಗದ ಕಾರ್ಟ್ರಿಡ್ಜ್‌ಗಳಲ್ಲಿ ರಕ್ತ ಹಿಂದಕ್ಕೆ ಹೀರಿ ಯಂತ್ರದೊಳಗೆ ಹೋಗುತ್ತದೆ; ಹಿಂದಿನವರ ರಕ್ತ ಮುಂದಿನವರಿಗೆ ತಲುಪುವ ದಾರಿ ಅದು. ಸಣ್ಣ ಸಣ್ಣ ರಕ್ತದ ಚುಕ್ಕಿ ಒಂದೇ ಸಮ ಕಂಡಾಗ ನಿಲ್ಲಿಸುತ್ತಾರೆ. ರೋಲರ್‌ನಲ್ಲಾದರೆ ಸುಮಾರು 15 ಸಲ ಉರುಳಿಸಿದಾಗ ಒಂದು ಚದರ ಸೆಂ.ಮೀ.ಗೆ 250ರಷ್ಟು ತೂತು ಬಿದ್ದಿರುತ್ತವೆ, ಅಷ್ಟಕ್ಕಿಂತ ಹೆಚ್ಚಿನದು ದಣಿಸುವುದಷ್ಟೇ.

ಎರಡು ಸಿಟ್ಟಿಂಗ್ ನಡುವೆ ನಾಲ್ಕರಿಂದ ಆರು ವಾರ, ಒಟ್ಟು ಮೂರರಿಂದ ಆರು. ಮದುವೆಗೆ ಮುಂಚೆ ಮಾಡಿಸುವುದಾದರೆ ಕೊನೆಯದು ಮುಹೂರ್ತಕ್ಕೆ ಒಂದು ತಿಂಗಳಾದರೂ ಹಿಂದೆ ಮುಗಿದಿರಲಿ, ಅರಿಶಿನದ ಶಾಸ್ತ್ರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಆ ರಾತ್ರಿ ನೋವಿದ್ದರೆ ಪ್ಯಾರಾಸಿಟಮಾಲ್. ಐಬುಪ್ರೊಫೆನ್ ಬೇಡ, ಗಾಯ ಕೆರಳಿ ಮಾಯುವ ಕ್ರಿಯೆಯನ್ನೇ ನಾವು ಬೇಕೆಂದು ಎಬ್ಬಿಸಿರುವಾಗ ಅದನ್ನು ತಣಿಸಬಾರದು.

ಎರಡು–ಮೂರು ದಿನ ಬಿಸಿಲಲ್ಲಿ ಸುಟ್ಟಂತೆ ಕೆಂಪು, ಬಿಗಿತ. ಮೂರರಿಂದ ಐದನೆಯ ದಿನ ಸಿಪ್ಪೆ ಏಳುವುದು ಮಾಮೂಲು. ಹಕ್ಕಳೆ ಕೀಳಬೇಡಿ. ಮೂರು ದಿನ ಕಳೆದ ಮೇಲೂ ಕೆಂಪು ಏರುತ್ತಲೇ ಇದ್ದರೆ, ಕೀವು, ಜ್ವರ, ಗುಂಪಾಗಿ ಎದ್ದ ನೀರುಗುಳ್ಳೆ ಇದ್ದರೆ ಅವತ್ತೇ ಡಾಕ್ಟರಲ್ಲಿಗೆ ಹೋಗಿ. ವಾರಗಳ ಮೇಲೆ ಗಟ್ಟಿ ಗಂಟು ಕಂಡರೂ ಹೋಗಬೇಕು. ಕಪ್ಪು ಕಲೆ ಎದ್ದರೆ ಸೂಜಿ ನಿಲ್ಲಿಸಿ, ಸನ್‌ಸ್ಕ್ರೀನ್ ನಿಲ್ಲಿಸದೆ ಕಾಯಿರಿ; ಅದರ ಮೇಲೆ ಮತ್ತೆ ಚುಚ್ಚಿದರೆ ಕಲೆ ಗಾಢವಾಗುತ್ತದೆ.

ಫಲ ಅಳೆಯಲು ಕನ್ನಡಿ ನಂಬಬೇಡಿ. ಒಂದೇ ಕಿಟಕಿ, ಒಂದೇ ಹೊತ್ತು, ಪಕ್ಕದ ಬೆಳಕು, ಫ್ಲ್ಯಾಶ್ ಇಲ್ಲದೆ, ಮೊದಲ ದಿನ ಒಂದು ಫೋಟೋ, 12 ವಾರಕ್ಕೆ ಇನ್ನೊಂದು. ತಲೆಗಾದರೆ ಬೈತಲೆಯ ಅದೇ ಜಾಗ, ಒಣ ಕೂದಲು.

ಬಳಸಿ ಮುಗಿದ ರೋಲರನ್ನು ಹಾಗೆಯೇ ಒಣ ಕಸದ ಚೀಲಕ್ಕೆ ಎಸೆದರೆ ಅದು ಚುಚ್ಚುವುದು ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ. ಮುಚ್ಚಳ ಹಾಕಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಡಬ್ಬಿಯ ಬಾಯಿಗೆ ಟೇಪ್ ಸುತ್ತಿ, ಮೇಲೆ ಕೆಂಪು ಮಾರ್ಕರ್‌ನಲ್ಲಿ ‘ಸೂಜಿ’ ಎಂದು ಬರೆದು, ಕಸದ ಗಾಡಿಯವರ ಕೈಗೆ ಬೇರೆಯಾಗಿ, ಹೇಳಿ ಕೊಡಿ.